ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ: ಯಾಕೆ?



ಹಬ್ಬ ಬಂತೆಂದರೆ ಮುಂಬೈ, ಪುಣೆಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೋಗುವ ಸಂಭ್ರಮ. ಮನೆಯಲ್ಲಿ ಹಳೆಯ ಡೀಸೆಲ್ ಗಾಡಿ ಇದ್ದರೆ ಸಂಭ್ರಮದ ಜತೆಗೆ ಒಂದು ಚಿಂತೆಯೂ ಉಂಟು: ಇದು ಊರು ಮುಟ್ಟಿಸುತ್ತದೆಯೇ?

2019ರ ದೀಪಾವಳಿಗೆ ಮಾವನವರ 2003ರ ಕ್ವಾಲಿಸ್‌ನಲ್ಲಿ ನಾವು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಖಂಬಾಟ್ಕಿ ಘಾಟಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಜೋರಾಗಿ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ಹಿಂದೆ ಲಾರಿಗಳ ಹಾರ್ನ್, ಒಳಗೆ ಇಬ್ಬರು ಹಿರಿಯರು ಮತ್ತು ಪುಟ್ಟ ಮಗು. ಹೊರಡುವ ಮೊದಲು ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆವು. ಪಿಕಪ್ ಇಲ್ಲವೆಂದರೆ ಎಂಜಿನ್ ಬಿಚ್ಚಬೇಕು ಎಂದಿದ್ದರು. ಗೇರ್‌ಬಾಕ್ಸ್ ಕೆಳಗೆ ಎಣ್ಣೆ ತೊಟ್ಟಿಕ್ಕುವುದು ಹಳೆಯ ಗಾಡಿಗೆ ಮಾಮೂಲು ಎಂದೂ ಹೇಳಿದ್ದರು.

ಹೇಗೋ ಧಾರವಾಡ ಸೇರಿದೆವು. ಅಲ್ಲಿನ ಮೇಸ್ತ್ರಿ ಗಾಡಿಯ ಕೆಳಗೆ ತೂರಿ ಹೊರಬಂದು ಅಂದರು: "ಅಕ್ಕಾರ, ಎಂಜಿನ್ ಗಟ್ಟಿ ಐತ್ರಿ. ಕ್ಲಚ್ ಪ್ಲೇಟು ಎಣ್ಣಿ ಕುಡದೈತಿ ನೋಡ್ರಿ."

ನಾವು ಎರಡು ರೋಗ ಅಂದುಕೊಂಡಿದ್ದು ಒಂದೇ ಆಗಿತ್ತು! ಗೇರ್‌ಬಾಕ್ಸಿನ ಮುಂಭಾಗದ ಆಯಿಲ್ ಸೀಲ್ ಸವೆದು, ಎಣ್ಣೆ ಕ್ಲಚ್ ಇರುವ ಗೂಡಿಗೆ ಸೋರುತ್ತಿತ್ತು. ಎಣ್ಣೆ ಹತ್ತಿದ ಪ್ಲೇಟು ಹಿಡಿತ ಬಿಟ್ಟು ಜಾರುತ್ತದೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ಮುಟ್ಟುವುದೇ ಇಲ್ಲ.

ಮೊದಲು ಕಿವಿಗೊಡಿ

ಗಾಡಿ ನಿಧಾನವಾದರೆ ಮೊದಲ ಪ್ರಶ್ನೆ ಇದು: ಎಂಜಿನ್ನಿಗೇ ಶಕ್ತಿ ಇಲ್ಲವೋ, ಅಥವಾ ಶಕ್ತಿ ಚಕ್ರಕ್ಕೆ ಹೋಗುತ್ತಿಲ್ಲವೋ? ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಸುಮಾರು 40 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಶಬ್ದ ಸರ್ರನೆ ಏರಿ, ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆ ಬಂದರಂತೂ ಅನುಮಾನವೇ ಬೇಡ. ಶಬ್ದವೂ ಏರದೆ, ವೇಗವೂ ಏರದಿದ್ದರೆ ಎಂಜಿನ್ ಕಡೆ ನೋಡಿ.

ಅಲ್ಲಿಯೂ ಅಗ್ಗದ್ದರಿಂದ ಆರಂಭಿಸಿ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗುತ್ತಿದೆ; ಏರ್ ಫಿಲ್ಟರ್ ಬಿಚ್ಚಿ ನೋಡಿ. ಟರ್ಬೊ ಇರುವ ಗಾಡಿಯಾದರೆ ಅದರ ರಬ್ಬರ್ ಹೋಸ್ ಬಿರಿದಿದೆಯೇ ನೋಡಿ. ಹೊಗೆ ಇಲ್ಲದೆ ಏರಿನಲ್ಲಿ ಉಸಿರುಗಟ್ಟಿದಂತೆ ಆದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಅದರೊಳಗೆ ನೀರು ನಿಂತಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವ ಗುರುತು. ಆಕ್ಸಿಲರೇಟರ್ ಕೇಬಲ್ ಪೂರ್ತಿ ಎಳೆಯುತ್ತಿದೆಯೇ, ಬ್ರೇಕ್ ಹಿಡಿದುಕೊಂಡಿದೆಯೇ ಎಂದೂ ನೋಡಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರಗಳ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದೇ ಚಕ್ರ ಹೆಚ್ಚು ಬಿಸಿ ಇದ್ದರೆ ಕಾರಣ ಅಲ್ಲಿದೆ.

ರಟ್ಟಿನ ಮೇಲೆ ಉತ್ತರ

ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ, ಯಾವ ಬಣ್ಣ, ಯಾವ ವಾಸನೆ ನೋಡಿ. ಕಪ್ಪಗೆ ತೆಳುವಾಗಿದ್ದರೆ ಎಂಜಿನ್ ಆಯಿಲ್. ಜೇನಿನಂತೆ ದಪ್ಪಗಿದ್ದು, ಕೊಳೆತ ಬೆಳ್ಳುಳ್ಳಿಯ ವಾಸನೆ ಬಂದರೆ ಗೇರ್ ಆಯಿಲ್. ಚಕ್ರದ ಬಳಿ ನೀರಿನಷ್ಟೇ ತೆಳುವಾಗಿ ಜಾರುವ ದ್ರವ ಕಂಡರೆ ಬ್ರೇಕ್ ಆಯಿಲ್ ಇರಬಹುದು, ಗಾಡಿ ತೆಗೆಯಲೇಬೇಡಿ.

ಗೇರ್ ಆಯಿಲ್ ಸಾಮಾನ್ಯವಾಗಿ ಸೋರುವುದು ಮೂರು ಕಡೆ. ಡ್ರೈನ್ ಬೋಲ್ಟಿನಲ್ಲಾದರೆ ವಾಷರ್ ಬದಲಿಸಿದರೆ ಸಾಕು. ಹಿಂದೆ ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಾದರೆ ಹಿಂದಿನ ಸೀಲ್. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗದ ಕೆಳಗಿನಿಂದಾದರೆ ನಮ್ಮ ಕ್ವಾಲಿಸ್ ಕಥೆಯೇ. ಅಲ್ಲಿಂದ ಕಪ್ಪು ಎಣ್ಣೆ ಬಂದರೆ ಎಂಜಿನ್ನಿನ ಹಿಂದಿನ ಸೀಲ್ ಹೋಗಿದೆ. ಎರಡೂ ಕ್ಲಚ್ಚನ್ನು ಕೆಡಿಸುತ್ತವೆ.

ಓಡುವಾಗ ಗಾಳಿಗೆ ಎಣ್ಣೆ ಹಿಂದಕ್ಕೆ ಹರಡುವುದರಿಂದ ಸೋರಿದ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ ಆಗುತ್ತದೆ. ಒಮ್ಮೆ ಚೆನ್ನಾಗಿ ತೊಳೆಸಿ, ಒಂದಿಷ್ಟು ಓಡಿಸಿ, ಮತ್ತೆ ನೋಡಿ. ಇನ್ನೊಂದು ಮಾತು: ಗೇರ್‌ಬಾಕ್ಸಿನ ಮೇಲಿರುವ ಬ್ರೀದರ್ ಧೂಳಿನಿಂದ ಮುಚ್ಚಿದರೆ ಒಳಗಿನ ಒತ್ತಡ ಹೆಚ್ಚಾಗಿ, ಒಳ್ಳೆಯ ಸೀಲಿನಿಂದಲೂ ಎಣ್ಣೆ ಹೊರಬರುತ್ತದೆ. ಸೀಲ್ ಬದಲಿಸುವ ಮೊದಲು ಅದನ್ನು ಸ್ವಚ್ಛ ಮಾಡಿಸಿ.

ಗ್ಯಾರೇಜಿನಲ್ಲಿ ಏನು ಕೇಳಬೇಕು

ಗೇರ್‌ಬಾಕ್ಸ್ ಇಳಿಸುವುದಕ್ಕೇ ಹೆಚ್ಚು ಕೂಲಿ. ಆದ್ದರಿಂದ ಒಮ್ಮೆ ಇಳಿಸಿದಾಗ ಎರಡೂ ಸೀಲ್, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗ್ ಒಟ್ಟಿಗೆ ಮಾಡಿಸಿ. ಎಣ್ಣೆ ಕುಡಿದ ಪ್ಲೇಟನ್ನು ತೊಳೆದು ಹಾಕಲು ಒಪ್ಪಬೇಡಿ, ಅದು ಮತ್ತೆ ಜಾರುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ತುಂಬಿಸಿ. ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಆಯಿಲಿನಂತೆ ಉರಿದು ಕಡಿಮೆ ಆಗುವುದಿಲ್ಲ. ಕಡಿಮೆ ಆಗಿದ್ದರೆ ಸೋರಿದೆ ಎಂದೇ ಅರ್ಥ. ಸುಮ್ಮನಿದ್ದರೆ ಮುಂದೆ ಬೇರಿಂಗು, ಗೇರು ಎರಡೂ ಹೋಗುತ್ತವೆ.

ನೀವೇ ನೋಡುವುದಾದರೆ ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ತೂರಬೇಡಿ.

ನಮಗೆ ಎಂಜಿನ್ ಬಿಚ್ಚುವ ಖರ್ಚು ಉಳಿಯಿತು. ಘಾಟಿನಲ್ಲಿ ಮಗುವನ್ನು ಅಪ್ಪಿಕೊಂಡು ಕೂತ ಆ ಅರ್ಧ ಗಂಟೆ ಮಾತ್ರ ಇನ್ನೂ ಮರೆತಿಲ್ಲ. ನಿಮಗೆ ಹಾಗಾಗದಿರಲಿ. ಊರಿಗೆ ಹೊರಡುವ ಒಂದು ವಾರ ಮೊದಲು ರಟ್ಟು ಹಾಸಿ ನೋಡಿ.

ಪ್ರಯಾಣ ಸುಖಕರವಾಗಲಿ. ರೇಡಿಯೋದಲ್ಲಿ ಮತ್ತೆ ಸಿಗೋಣ!