ಐರ್ವಿನ್ ಪೂಲಿನ ಅಂಕಿ ಒಂದೇ ಸಾಲದು!

ಸಾಂಗಲಿ: ಮಳೆಗಾಲದಲ್ಲಿ ಉಗಾರ, ಕುಡಚಿ, ಅಥಣಿ ಕಡೆಯ ಬೀಗರಿಂದ ಸಾಂಗಲಿ-ಮಿರಜದ ಕನ್ನಡ ಮನೆಗಳಿಗೆ ಬರುವ ಫೋನಿನಲ್ಲಿ ಒಂದೇ ಪ್ರಶ್ನೆ: 'ಐರ್ವಿನ್ ಪೂಲಿಗೆ ಎಷ್ಟ್ ಫೂಟ್ ನೀರ ಬಂದೈತ್ರಿ?'

ಈ ಸೇತುವೆಯೇ ಇಲ್ಲಿ ಕೃಷ್ಣೆಯ ಅಳತೆಗೋಲು. 40 ಅಡಿ ಎಚ್ಚರಿಕೆಯ ಮಟ್ಟ, 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿ ಪೇಟೆಗೇ ನುಗ್ಗಿತ್ತು. 2021ರ ಜುಲೈನಲ್ಲಿ ಮತ್ತೆ 50 ಅಡಿ ಮೀರಿತು.

ಕಂಬದ ಗುರುತು ನೋಡಿ ಫೋನು, ವೈರ್‌ಲೆಸ್‌ನಲ್ಲಿ ತಿಳಿಸುವುದು ಹಳೆಯ ಪದ್ಧತಿ. ವಿಶ್ವಬ್ಯಾಂಕ್ ನೆರವಿನ ಜಲವಿಜ್ಞಾನ ಯೋಜನೆಯ ಎರಡನೇ ಹಂತದಲ್ಲಿ ಮಹಾರಾಷ್ಟ್ರ ಜಲಸಂಪನ್ಮೂಲ ಇಲಾಖೆ ಕೃಷ್ಣಾ-ಭೀಮಾ ಕೊಳ್ಳಕ್ಕೆ ಸ್ವಯಂಚಾಲಿತ ಮಾಪನ ವ್ಯವಸ್ಥೆ ತಂದಿತು.

ಕೆಲಸ ಹೇಗೆ?

ಸೇತುವೆಗೆ ಬಿಗಿದ ರಾಡಾರ್ ಸೆನ್ಸರ್ ನೀರಿನತ್ತ ತರಂಗ ಬಿಟ್ಟು, ಅದು ಮರಳುವ ಹೊತ್ತಿನಿಂದ ನೀರಿನ ಮಟ್ಟ ಲೆಕ್ಕ ಹಾಕುತ್ತದೆ. ಮಳೆಮಾಪಕದ ಪುಟ್ಟ ಬಟ್ಟಲು ತುಂಬಿ ಮಗುಚಿದಷ್ಟು ಸಲ ಎಣಿಕೆ. ಸೌರಫಲಕದಿಂದ ಬ್ಯಾಟರಿ ಚಾರ್ಜ್ ಆಗುತ್ತದೆ. ಅಂಕಿಗಳು ಮೊಬೈಲ್ ಜಾಲ ಇಲ್ಲವೇ ಉಪಗ್ರಹದ ಮೂಲಕ ನಿಯಂತ್ರಣ ಕೊಠಡಿಗೆ ಹೋಗುತ್ತವೆ.

ಈ ಜೋಡಣೆ ಏಕೆ ಬೇಕು? ಐರ್ವಿನ್ ಪೂಲು ದಾಟಿದ ಮೇಲೆ ಹರಿಪುರದಲ್ಲಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೃಷ್ಣೆಯನ್ನು ಕೂಡುತ್ತವೆ. ಉಗಾರಕ್ಕೆ ಬರುವ ನೀರೆಲ್ಲ ಸಾಂಗಲಿಯ ಅಂಕಿಯಲ್ಲಿ ಕಾಣುವುದಿಲ್ಲ. ಪಂಚಗಂಗೆಗೆ ಕೊಲ್ಹಾಪುರದ ರಾಜಾರಾಮ ಬಂಧಾರದ ಅಂಕಿಯೇ ಬೇಕು. ಅಲ್ಲಿ 39 ಅಡಿ ಎಚ್ಚರಿಕೆ, 43 ಅಡಿ ಅಪಾಯ. ಮೇಲ್ಗಡೆ 105 ಟಿಎಂಸಿಯ ಕೊಯ್ನಾದಿಂದ ಬಿಡುವ ನೀರೂ ಲೆಕ್ಕಕ್ಕೆ ಬರಬೇಕು.

ಹೊಸ ಸಂಶೋಧನೆ

ಮೊಬೈಲ್ ಟವರ್ ಇಲ್ಲದೆಯೂ ಕಡಿಮೆ ವಿದ್ಯುತ್ತಿನಲ್ಲಿ ಹಲವು ಕಿಲೋಮೀಟರ್ ದೂರ ಅಂಕಿ ಕಳಿಸುವ 'ಲೋರಾ' ರೇಡಿಯೊ, ಗೇಜಿನ ಚಿತ್ರ ನೋಡಿ ತಾನೇ ಮಟ್ಟ ಓದುವ ಕ್ಯಾಮೆರಾ ಜಗತ್ತಿನ ಹಲವೆಡೆ ಪ್ರಯೋಗದಲ್ಲಿವೆ. ಅಕ್ಕಪಕ್ಕದ ಕೇಂದ್ರಗಳ ಅಂಕಿ ತಾಳೆ ಹಾಕಿ ಕೆಟ್ಟ ಸೆನ್ಸರ್ ಪತ್ತೆ ಹಚ್ಚುವ ಕೆಲಸವೂ ನಡೆದಿದೆ.

ಯಂತ್ರಕ್ಕೂ ಕಾವಲು ಬೇಕು. ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಬಿಟ್ಟರೆ ಯಾರಾದರೂ ಒಳಹೊಕ್ಕು ಅಂಕಿ ತಿದ್ದಬಹುದು. ಸುಳ್ಳು ಅಂಕಿ ಊರನ್ನು ಸುಮ್ಮನೆ ಓಡಿಸೀತು, ಇಲ್ಲವೇ ಮಲಗಿದ್ದಲ್ಲೇ ಮುಳುಗಿಸೀತು.

ಪ್ರವಾಹದಲ್ಲಿ ಮೊದಲು ಕೈಕೊಡುವುದು ಕರೆಂಟು, ಹಿಂದೆಯೇ ಮೊಬೈಲು. ಹೊಳೆದಂಡೆಯ ಅಜ್ಜ-ಅಜ್ಜಿಯರಿಗೆ ಸುದ್ದಿ ಅವರ ಭಾಷೆಯಲ್ಲಿ, ಡಂಗುರದಲ್ಲಾದರೂ ತಲುಪಿದರೆ ಮಾತ್ರ ಅಳತೆ ಸಾರ್ಥಕ.

ಅಲ್ಲಿಯವರೆಗೆ ಬೀಗರು ಫೋನ್ ಮಾಡಿದಾಗ ಮೂರು ಅಂಕಿ ಹೇಳಿರಿ: ಐರ್ವಿನ್ ಎಷ್ಟು, ರಾಜಾರಾಮ ಎಷ್ಟು, ಕೊಯ್ನಾದಿಂದ ಬಿಟ್ಟದ್ದೆಷ್ಟು.