ಮರಳಿ ಮೈಗೇರಿದ ಹತ್ತಿಯಂಗಿ

ಜಪಾನಿನ ಮನೆಗಳಲ್ಲಿ ಚಳಿಗಾಲದ ಆಪ್ತ ಉಡುಪೆಂದರೆ 'ಹಂತೆನ್'. ಅಗಲ ತೋಳಿನ, ಒಳಗೆ ಹತ್ತಿ ತುಂಬಿದ ಗಿಡ್ಡ ಮೇಲಂಗಿಯಿದು. ಗುಂಡಿಗಳಿಲ್ಲ, ಎದುರಿಗೆ ಕಟ್ಟುವ ದಾರ ಮಾತ್ರ. ಇಡೀ ಮನೆಯನ್ನು ಬಿಸಿಯಾಗಿಡುವ ರೂಢಿ ಅಲ್ಲಿ ಕಡಿಮೆಯಾದ್ದರಿಂದ ಹಿರಿಯರು, ಮಕ್ಕಳು ಎಲ್ಲರೂ ಇದನ್ನು ತೊಡುತ್ತಿದ್ದರು.

ಕ್ಯೂಶೂ ದ್ವೀಪದ ಕುರುಮೆ ಪ್ರದೇಶ ಇದರ ತಯಾರಿಕೆಗೆ ಹೆಸರುವಾಸಿ. ನೂಲಿಗೆ ಮೊದಲೇ ಗಂಟುಕಟ್ಟಿ ಬಣ್ಣವೇರಿಸುವ 'ಕಸುರಿ' ನೇಯ್ಗೆಯನ್ನು ಸುಮಾರು 1800ರಲ್ಲಿ ಅಲ್ಲಿ ಆರಂಭಿಸಿದವಳು ಇನೋಉಎ ದೆನ್ ಎಂಬ ಬಾಲಕಿ. ಹಂತೆನ್‌ನ ಮೂಲೆಮೂಲೆಗೂ ಹತ್ತಿಯನ್ನು ಸಮನಾಗಿ ಹರಡುವುದು ನುರಿತ ಕೈಗಳ ಕೆಲಸ.

ಹೀಟರ್ ಹಾಗೂ ಅಗ್ಗದ ಕೃತಕ ನೂಲಿನ ಉಡುಪುಗಳು ಬಂದಂತೆ ಹಂತೆನ್ ಹಳಬರ ಅಂಗಿಯೆನಿಸಿ ಪೆಟ್ಟಿಗೆ ಸೇರಿತು. 2011ರ ಭೂಕಂಪ ಮತ್ತು ಫುಕುಶಿಮಾ ಅಣುದುರಂತದ ಬಳಿಕ ವಿದ್ಯುತ್ ಉಳಿತಾಯ ಅನಿವಾರ್ಯವಾದಾಗ ಜನರು ಅದನ್ನು ಮತ್ತೆ ನೆನೆದರು. ತೊಟ್ಟವರಿಗೆ ದೊರೆತದ್ದು ಬೆಚ್ಚನೆಯ ಸುಖವಷ್ಟೇ ಅಲ್ಲ, ತಾವು ಬೆಳೆದ ಮನೆಯ ನೆನಪು ಕೂಡ.

ಮಾರಾಟ ಕುಸಿದ ವರ್ಷಗಳಲ್ಲೂ ಕಸುಬು ಬಿಡದ ಸಣ್ಣ ತಯಾರಕರಿದ್ದುದರಿಂದಲೇ ಈ ಸಂತೋಷ ಸಾಧ್ಯವಾಯಿತು. ನುರಿತ ಕೈಗಳ ಬೆಲೆ ಅಢಾವೆ ಪತ್ರಿಕೆಯಲ್ಲಿ ಕಾಣಿಸದು. ಆದರೆ ಖರ್ಚು ಕಡಿತಗೊಳಿಸುವಾಗ ಉದ್ದಿಮೆದಾರರು ಇದನ್ನು ಮರೆಯಬಾರದು: ಮಾರಿದ ಯಂತ್ರವನ್ನು ಮತ್ತೆ ಕೊಳ್ಳಬಹುದು, ಕಳೆದುಹೋದ ಕಸುಬನ್ನು ಕೊಳ್ಳಲಾಗದು.