ನೀರಿನ ಮೇಲೊಂದು ಸಮಾನ ಆಸನ

ಶರಾವತಿಯು ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಮುನ್ನ ತನ್ನ ಒಡಲಲ್ಲಿ ಕೆಲವು ಕುರ್ವೆಗಳನ್ನು ಧರಿಸಿಕೊಂಡಿದೆ. ಮಾವಿನಕುರ್ವೆ ಅವುಗಳಲ್ಲೊಂದು. ಕುರ್ವೆಯೆಂದರೆ ಹೊಳೆಯ ನಡುಗಡ್ಡೆ. ಇಂತಹ ನೆಲದ ಮಕ್ಕಳಿಗೆ ನೀರೇ ಅಂಗಳ. ಈಜು, ದೋಣಿ, ಹುಟ್ಟು ಅವರಿಗೆ ಆಟವೂ ಹೌದು, ಬದುಕೂ ಹೌದು. ಅದೇ ಅಂಗಳದಲ್ಲಿ ಕಾಲಿನ ಶಕ್ತಿ ಕುಂದಿದ ಮಗುವಿದ್ದರೆ, ಅದು ದಡದಲ್ಲಿ ಕುಳಿತು ನೋಡುವುದೇ ಲೋಕರೂಢಿ. ಈ ರೂಢಿಯನ್ನು ಬದಲಿಸಬಲ್ಲ ಜಲಕ್ರೀಡಾ ಸಾಧನಗಳ ರಚನೆಯನ್ನು ಕುರಿತು ಕೆಲವು ಮಾತುಗಳನ್ನು ಓದುಗರ ಮುಂದಿಡಬಯಸುತ್ತೇವೆ.

ನೀರು ದೇಹದ ಭಾರವನ್ನು ತಾನೇ ಹೊರುತ್ತದೆ. ಆದ್ದರಿಂದಲೇ ನೆಲದ ಮೇಲೆ ಊರೆಗೋಲು ಬೇಕಾದವರೂ ನೀರಿನಲ್ಲಿ ಸ್ವತಂತ್ರರಾಗಬಲ್ಲರು. ಬೆಂಗಳೂರಿನ ಶರತ್ ಗಾಯಕವಾಡರು ಎಡಗೈಯ ನ್ಯೂನತೆಯಿದ್ದೂ 2014ರಲ್ಲಿ ಇಂಚಿಯಾನ್ ನಗರದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಈಜಿನಲ್ಲಿ 6 ಪದಕಗಳನ್ನು ಗಳಿಸಿದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಪ್ಯಾರಾಲಿಂಪಿಕ್ ಈಜಿನಲ್ಲಿ ಕೃತಕ ಅವಯವಗಳಿಗೆ ಅವಕಾಶವಿಲ್ಲ. ಅಂಧ ಈಜುಗಾರರು ಗೋಡೆಯನ್ನು ಸಮೀಪಿಸಿದಾಗ, ಸಹಾಯಕರು ಮೆತ್ತನೆಯ ತುದಿಯುಳ್ಳ ಕೋಲಿನಿಂದ ಅವರನ್ನು ಮುಟ್ಟಿ ಎಚ್ಚರಿಸುತ್ತಾರೆ. ಸಾಧನವು ಇಷ್ಟು ಸರಳವೂ ಆಗಿರಬಲ್ಲುದು.

ದೋಣಿಯ ವಿಷಯದಲ್ಲಿ ಹೆಚ್ಚಿನ ವಿವೇಚನೆ ಅಗತ್ಯ. ಸೊಂಟದ ಮೇಲೆ ಹಿಡಿತವಿಲ್ಲದವರಿಗೆ ಎತ್ತರದ ಬೆನ್ನೊರಗು ಮತ್ತು ಎರಡೂ ಪಕ್ಕದ ಆಸರೆಯುಳ್ಳ ಆಸನ ಬೇಕು. ಅದು ತಗ್ಗಿನಲ್ಲಿದ್ದಷ್ಟೂ ದೋಣಿ ಸ್ಥಿರ. ಬೆನ್ನುಹುರಿಗೆ ಪೆಟ್ಟಾದವರಿಗೆ ಸ್ಪರ್ಶಜ್ಞಾನವಿಲ್ಲದ ಕಾರಣ ಹುಣ್ಣಾದರೂ ತಿಳಿಯದು. ಆದುದರಿಂದ ಆಸನಕ್ಕೆ ಮೆತ್ತೆ ಹಾಸಬೇಕು, ಚೂಪಾದ ಅಂಚುಗಳನ್ನು ನಯಗೊಳಿಸಬೇಕು. ಬೆರಳು ಮಡಚಲಾಗದವರಿಗೆ ಹುಟ್ಟನ್ನು ಅಂಗೈಗೆ ಸೇರಿಸುವ ಪಟ್ಟಿಯನ್ನೂ, ಒಂದೇ ಕೈಯುಳ್ಳವರಿಗೆ ಹುಟ್ಟಿನ ಭಾರವನ್ನು ಹೊರುವ ಕೀಲನ್ನೂ ಜೋಡಿಸಬಹುದು. ಆದರೆ ಒಂದು ನಿಯಮವನ್ನು ಎಂದಿಗೂ ಮೀರಬಾರದು: ದೋಣಿ ಮಗುಚಿದ ಕ್ಷಣದಲ್ಲಿ, ಕುಳಿತವರು ತಾವಾಗಿಯೇ ಬಿಡಿಸಿಕೊಳ್ಳಲಾಗದ ಯಾವ ಪಟ್ಟಿಯಿಂದಲೂ ಅವರನ್ನು ಬಿಗಿಯಲಾಗದು.

ದೋಣಿಯನ್ನು ಮಗುಚದಂತೆ ತಡೆಯುವ ಉಪಾಯ ನಮ್ಮ ಕರಾವಳಿಗೆ ಹೊಸದಲ್ಲ. ದೋಣಿಯ ಒಂದು ಪಾರ್ಶ್ವಕ್ಕೆ ಅಡ್ಡಗಳುಗಳಿಂದ ತೇಲುಮರವನ್ನು ಕಟ್ಟುವ ಪದ್ಧತಿಯನ್ನು ನಮ್ಮ ಮೀನುಗಾರರು ಬಲ್ಲರು. ಪೆಸಿಫಿಕ್ ದ್ವೀಪಗಳಲ್ಲಿ ಇಂತಹ ದೋಣಿಗೆ ವಾಆ ಎಂದು ಹೆಸರು. ದೋಣಿ ಸ್ಪರ್ಧೆಯು ಪ್ಯಾರಾಲಿಂಪಿಕ್ಸನ್ನು ಪ್ರವೇಶಿಸಿದ್ದು 2016ರ ರಿಯೋ ಕೂಟದಲ್ಲಿ. ಟೋಕಿಯೋದಲ್ಲಿ ವಾಆ ಕೂಡ ಸೇರಿತು. ಗ್ವಾಲಿಯರಿನ ಪ್ರಾಚಿ ಯಾದವ್ ಅಲ್ಲಿ ಭಾರತದ ಪ್ರಥಮ ಪ್ಯಾರಾ ದೋಣಿಪಟುವಾಗಿ ಸ್ಪರ್ಧಿಸಿ ಅಂತಿಮ ಸುತ್ತನ್ನು ತಲುಪಿದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕೂಟದಲ್ಲಿ ಸ್ವರ್ಣಪದಕವನ್ನೂ ಪಡೆದರು.

ಉತ್ತಮ ದೋಣಿಯಿದ್ದರೂ ಅದನ್ನು ಏರುವ ದಾರಿಯಿಲ್ಲದಿದ್ದರೆ ಏನು ಫಲ? ಅಳಿವೆಯಲ್ಲಿ ಭರತ ಇಳಿತಗಳೊಡನೆ ನೀರಿನ ಮಟ್ಟ ಬದಲಾಗುತ್ತದೆ. ಕಲ್ಲಿನ ಮೆಟ್ಟಿಲು ಅದರೊಡನೆ ಏರದು, ಇಳಿಯದು. ತೇಲುವ ಕಟ್ಟೆಯಾದರೋ ನೀರಿನೊಡನೆಯೇ ಏರಿಳಿಯುವುದರಿಂದ ದೋಣಿಗೂ ಕಟ್ಟೆಗೂ ಇರುವ ಅಂತರ ಒಂದೇ ಸಮನಾಗಿರುತ್ತದೆ. ಅದರ ಮೇಲೆ ಗಾಲಿಕುರ್ಚಿಯಷ್ಟೇ ಎತ್ತರದ ಒಂದು ಪೀಠವನ್ನೂ, ಅಲ್ಲಿಂದ ದೋಣಿಯವರೆಗೆ ತಗ್ಗುತ್ತ ಹೋಗುವ ಹಂತಗಳನ್ನೂ ಇರಿಸಿದರೆ ಎಷ್ಟೋ ಜನರು ಪರರ ತೋಳನ್ನು ಆಶ್ರಯಿಸದೆ ತಾವೇ ಸರಿದು ಕೂರಬಲ್ಲರು. ಮರಳಿನಲ್ಲಿ ಸಾಮಾನ್ಯ ಗಾಲಿ ಹೂತುಹೋಗುತ್ತದೆ. ಕಡಿಮೆ ಗಾಳಿಯೊತ್ತಡದ ಅಗಲವಾದ ಉಬ್ಬುಗಾಲಿಯು ಭಾರವನ್ನು ಹರಡಿ ಮೇಲೆಯೇ ಉರುಳುತ್ತದೆ. ಉಪ್ಪುನೀರಿಗೆ ತುಕ್ಕು ಹಿಡಿಯುವ ಕಬ್ಬಿಣವನ್ನು ಬಳಸದಿರುವುದು ಲೇಸು.

ಇದೇ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆಯಿತು. ಅಂಗವೈಕಲ್ಯವುಳ್ಳವರಿಗೆ ತೀರವು ಸುಗಮವಾಗಿರಬೇಕೆಂಬುದು ಆ ಮಾನ್ಯತೆಯ ಮಾನದಂಡಗಳಲ್ಲಿ ಸೇರಿದೆ. ಕ್ರೀಡೆ ಹಾಗೂ ವಿಹಾರದಲ್ಲಿ ಭಾಗವಹಿಸುವುದನ್ನು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಹಕ್ಕೆಂದೇ ಪರಿಗಣಿಸಿದೆ. ದಡದಿಂದ ನೀರಿಗಿರುವ ಕೆಲವೇ ಮಾರುಗಳನ್ನು ಕ್ರಮಿಸುವ ಹೊಣೆ ನಮ್ಮೆಲ್ಲರದು.

ಸಾಧನವನ್ನು ರಚಿಸುವವರು ಮೊದಲು ಬಳಸುವವರನ್ನೇ ಕೇಳಬೇಕು. ಅಳತೆ ಅವರದು, ಭಯ ಅವರದು, ಆನಂದವೂ ಅವರದೇ. ಆಳವಿಲ್ಲದ ಶಾಂತ ನೀರಿನಲ್ಲಿ, ತೇಲುಅಂಗಿ ತೊಡಿಸಿ, ಈಜು ಬಲ್ಲವರ ಸಮ್ಮುಖದಲ್ಲಿ ಪರೀಕ್ಷಿಸಿ, ಅವರು ತೋರಿದ ಕುಂದುಗಳನ್ನು ತಿದ್ದಿ, ಮತ್ತೆ ಪರೀಕ್ಷಿಸಬೇಕು. ದೋಣಿ ಕಟ್ಟುವ ಬಡಗಿ, ಹುಟ್ಟು ಹಾಕುವ ಅಂಬಿಗ, ಅಂಗಮರ್ದನ ಬಲ್ಲ ವೈದ್ಯ ಇವರು ಒಂದೆಡೆ ಕುಳಿತರೆ ಈ ಕಾಯಕ ಅಸಾಧ್ಯವೇನಲ್ಲ. ಮನೆಯಲ್ಲಿ ಇಂತಹ ಮಗುವಿರುವ ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಮಗುವನ್ನು ಕರುಣೆಯಿಂದ ದಡದಲ್ಲಿ ಕೂರಿಸಬೇಡಿರಿ, ಅದರ ಕೈಗೆ ಹೊಂದುವ ಹುಟ್ಟೊಂದನ್ನು ಮಾಡಿಸಿಕೊಡಿರಿ.